ಬಾಯಮ್ಮನ ನೂರು ಮರಿಗಳು

ಸೋತುಹೋದ ಕೋಳಿಮರಿ ನೀರಿನ ಕಡೆ ತಿರುಗಿಯೂ ನೋಡುವುದಿಲ್ಲ. ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ, ಬಲ್ಬಿನ ಕೆಳಗೆ ನಿಂತಲ್ಲೇ ತೂಕಡಿಸುತ್ತಿರುತ್ತದೆ. ನಾವೇ ಹಿಡಿದು ಅದರ ಕೊಕ್ಕನ್ನು ನೀರಿಗೆ ಅದ್ದಬೇಕು. ಹನ್ನೊಂದು ವರ್ಷ ಮರಿಗಳನ್ನು ನೋಡುತ್ತಾ ಬಂದ ನನಗೆ ಗೊತ್ತಿದ್ದದ್ದು ಇಷ್ಟು. ಹಾಗಾಗಿ ಕಾಪುವಿನ ಬಾಯಮ್ಮನ ಮನೆಯಲ್ಲಿ ಐದನೆಯ ದಿನ ಕಂಡದ್ದು ನನ್ನ ತಲೆಗೆ ಹತ್ತಲೇ ಇಲ್ಲ. ಅಲ್ಲಿನ ಸೋತ ಮರಿಗಳು ನೀರಿನ ಡಬ್ಬಿಯನ್ನು ಮುತ್ತಿಕೊಂಡಿದ್ದವು. ಕುಡಿಯುತ್ತಿದ್ದವು, ಮುಗ್ಗರಿಸಿ ಬೀಳುತ್ತಿದ್ದವು, ಎದ್ದು ಮತ್ತೆ ಕುಡಿಯುತ್ತಿದ್ದವು.

ನಾನು ಅಲೆವೂರಿನವಳು. ಸುತ್ತಲಿನ ಊರುಗಳ ಹೆಂಗಸರ ಗುಂಪುಗಳಿಗೆ ಕೋಳಿ, ಆಡು ಸಾಕುವುದನ್ನು ಹೇಳಿಕೊಡುವುದು ನನ್ನ ಕೆಲಸ. ಚೀಲದಲ್ಲಿ ಒಂದಷ್ಟು ಔಷಧಿ, ಥರ್ಮಾಮೀಟರು, ಡ್ರಾಪರು ಇರುವುದರಿಂದ ಜನ ನನ್ನನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಅಲ್ಲ ಎಂದು ಹೇಳಿ ಹೇಳಿ ಸಾಕಾಗಿ ಈಗ ಸುಮ್ಮನಿರುತ್ತೇನೆ. ಸುಮ್ಮನಿದ್ದೂ ಇದ್ದೂ ಸ್ವಲ್ಪ ಜಂಬವೂ ಬಂದಿತ್ತು ಎಂದು ಈ ಕಥೆಯಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ.

ಬಾಯಮ್ಮ ಎಂದರೆ ಕಾಪುವಿನಲ್ಲಿ ದೀಪಸ್ತಂಭದ ರಸ್ತೆಯಿಂದ ಒಳಗೆ, ಹೊಳೆಯ ದಡಕ್ಕೆ ಹತ್ತಿರ ಇರುವ ಟೈಲರ್. ವಯಸ್ಸು ಅರುವತ್ತರ ಆಸುಪಾಸು. ನಮ್ಮಲ್ಲಿ ಕೊಂಕಣಿ ಕ್ರಿಶ್ಚಿಯನ್ ಹೆಂಗಸರನ್ನು ಪ್ರೀತಿಯಿಂದ ಕರೆಯುವ ಹೆಸರೇ ಅವರಿಗೂ ಅಂಟಿಕೊಂಡಿದೆ. ಆ ವಠಾರದ ಎಲ್ಲ ರವಿಕೆಗಳೂ ಅವರ ಕೈಯವೇ. ಅವರನ್ನೂ ಸೇರಿಸಿ ಎಂಟು ಹೆಂಗಸರ ಒಂದು ಗುಂಪು. ಊರ ಕೋಳಿಯ ಮರಿಗಳನ್ನು ಒಬ್ಬರ ಮನೆಯಲ್ಲಿ ನಾಲ್ಕು ವಾರ ಬೆಳೆಸಿ ಆಮೇಲೆ ಎಲ್ಲರೂ ಹಂಚಿಕೊಳ್ಳುವುದು ಎಂದು ಮಾತಾಯಿತು. ವಿಶಾಲವಾದ ಹಳೆಯ ದನದ ಹಟ್ಟಿ ಖಾಲಿ ಇದ್ದದ್ದು ಬಾಯಮ್ಮನ ಮನೆಯಲ್ಲಿ. ಆದರೆ ಅವರು ಹಿಂದೆ ಸರಿದರು.

"ನನ್ನ ಕೈಗುಣ ಮರಿಗಳಿಗೆ ಆಗುವುದಿಲ್ಲ ಅಕ್ಕ," ಎಂದರು ನನ್ನ ಹತ್ತಿರ. "ಹೋದ ವರ್ಷ ಬೇಸಿಗೆಯಲ್ಲಿ ಹೇಂಟೆ ಕಾವು ಕೂತು ಹನ್ನೊಂದು ಮರಿ ಮಾಡಿತ್ತು. ಒಂದೂ ಉಳಿಯಲಿಲ್ಲ. ಅದರ ಹಿಂದಿನ ವರ್ಷವೂ ಹಾಗೇ. ಆಟಿ ತಿಂಗಳ ಮಳೆಯಲ್ಲಿ ಒಮ್ಮೆ ಮಾತ್ರ ಎಲ್ಲ ಬದುಕಿದ್ದುಂಟು. ಅದು ಹೇಗೋ ಆದದ್ದು."

ಪಕ್ಕದ ಮನೆಯ ಹೆಂಗಸು, ಗುಂಪಿನಲ್ಲಿ ಎಲ್ಲರಿಗಿಂತ ಬಾಯಿ ಜೋರು, ಅಲ್ಲೇ ಇದ್ದರು. "ಬಾಯಮ್ಮ ರವಿಕೆ ಹೊಲಿದರೆ ಐದು ವರ್ಷ, ಮರಿ ಸಾಕಿದರೆ ಐದು ದಿನ," ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕರು. ಬಾಯಮ್ಮನೂ ನಕ್ಕರು. ಆದರೆ ಅವರು ತಮ್ಮ ಅಂಗೈಯನ್ನು ಸೆರಗಿಗೆ ಒರೆಸಿಕೊಂಡದ್ದನ್ನು ನಾನು ನೋಡಿದೆ. ಅವರಿಗೆ ಅದು ತಮಾಷೆಯಾಗಿರಲಿಲ್ಲ. ಕೈಗುಣ ಎಂಬುದೆಲ್ಲ ಸುಳ್ಳು, ನಾನು ಹೇಳಿದ ಹಾಗೆ ಮಾಡಿದರೆ ನೂರಕ್ಕೆ ತೊಂಬತ್ತೈದು ಬದುಕುತ್ತವೆ ಎಂದು ಮಾತು ಕೊಟ್ಟುಬಿಟ್ಟೆ.

ವಿಷು ಕಳೆದು ಎರಡು ದಿನಕ್ಕೆ ಕಾರ್ಕಳದ ಕಡೆಯ ಒಂದು ಮರಿ ಕೇಂದ್ರದಿಂದ ಎರಡು ಪೆಟ್ಟಿಗೆ ತಂದೆ. ಒಂದೇ ದಿನ ಮೊಟ್ಟೆಯೊಡೆದ ಇನ್ನೂರು ಮರಿಗಳು. ನೂರು ಅಲೆವೂರಿನ ನನ್ನ ಮನೆಗೆ, ಬೇರೊಂದು ಗುಂಪಿಗಾಗಿ. ಇನ್ನು ನೂರು ಬಾಯಮ್ಮನ ಹಟ್ಟಿಗೆ. ಎರಡು ಕಡೆಯೂ ನಾನೇ ನಿಂತು ಒಂದೇ ತರಹ ವ್ಯವಸ್ಥೆ ಮಾಡಿದೆ. ಎರಡು ಇಂಚು ದಪ್ಪಕ್ಕೆ ಭತ್ತದ ಉಮಿ, ಮೇಲೆ ಮೂರು ದಿನಕ್ಕೆ ಪೇಪರು, ಸುತ್ತ ಬಳೆಯ ಹಾಗೆ ಬಗ್ಗಿಸಿದ ತಗಡು, ಮೇಲಿನಿಂದ ಇಳಿಬಿಟ್ಟ ಮೂರು ಬಲ್ಬು. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ತಗಡಿಗೆ ಅಂಟಿ ನಿಂತು ಬಾಯಿ ತೆರೆದರೆ ಸೆಕೆ, ಎಲ್ಲ ಕಡೆ ಹರಡಿಕೊಂಡರೆ ಸರಿ. ಇದನ್ನು ಬಾಯಮ್ಮ ಒಂದೇ ಸಲಕ್ಕೆ ಕಲಿತರು. ಬಲ್ಬಿನ ಎತ್ತರವನ್ನು ಅವರು ಟೈಲರಿಂಗ್ ಟೇಪಿನಲ್ಲಿ ಅಳೆಯುತ್ತಿದ್ದರು.

ಮೊದಲ ದಿನ ಮರಿಗಳಿಗೆ ಬೆಲ್ಲದ ನೀರು ಕೊಡುವುದು ಕ್ರಮ. ಪ್ರಯಾಣದ ಸುಸ್ತು ಇಳಿಯುತ್ತದೆ. ಬಾಯಮ್ಮ ಅಡುಗೆ ಮನೆಗೆ ಹೋಗಿ ಬೆಲ್ಲದ ನೀರು ಮಾಡಿ ತಂದರು. ನನಗೊಂದು ಲೋಟ, ಮರಿಗಳಿಗೊಂದು ಪಾತ್ರೆ. ಎರಡನೆಯ ದಿನವೂ ಹಾಗೇ. ನೂರೂ ಚುರುಕಾಗಿದ್ದವು. ಮೂರನೆಯ ದಿನದಿಂದ ಬರೀ ನೀರು ಸಾಕು ಎಂದು ಹೇಳಿ ಬಂದೆ.

ನಾಲ್ಕನೆಯ ದಿನ ಸಂಜೆ ಫೋನು. "ಏಳೆಂಟು ಮರಿ ಸಪ್ಪಗುಂಟು ಅಕ್ಕ." ಐದನೆಯ ದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಎರಡು ಸತ್ತಿದ್ದವು. ಆಗಲೇ ನಾನು ಆ ನೀರು ಕುಡಿಯುವ ಸೋತ ಮರಿಗಳನ್ನು ನೋಡಿದ್ದು.

ಕಾರಣ ಹುಡುಕುವಾಗ ನನಗೊಂದು ಪಟ್ಟಿ ಉಂಟು, ನೋಟ್‌ಬುಕ್ಕಿನಲ್ಲಿ ಮೊದಲೇ ಗೀಟು ಹಾಕಿಟ್ಟುಕೊಂಡದ್ದು. ಶಾಖ, ಗಾಳಿ, ಜಾಗ, ಆಹಾರ, ಹಾಸು, ನೀರು. ಒಂದೊಂದನ್ನೇ ನೋಡಿ ಸರಿ ಗುರುತು ಹಾಕುತ್ತಾ ಹೋಗುವುದು. ಶಾಖ ಸರಿಯಿತ್ತು. ಗಾಳಿ ಸರಿಯಿತ್ತು. ಆಹಾರವನ್ನು ಮೂಸಿ ನೋಡಿದೆ, ಬೂಷ್ಟಿನ ವಾಸನೆ ಇಲ್ಲ. ಹಾಸು ಮಾತ್ರ ಒದ್ದೆ. ಉಮಿಯನ್ನು ಮುಷ್ಟಿಯಲ್ಲಿ ಹಿಡಿದರೆ ಮುದ್ದೆಯಾಗುತ್ತಿತ್ತು. ಮರಿಗಳ ಹಿಕ್ಕೆ ನೀರಾಗಿತ್ತು, ರಕ್ತ ಇರಲಿಲ್ಲ. ನೀರು ಎಂಬಲ್ಲಿ ಡಬ್ಬಿಯೊಳಗೆ ಇಣುಕಿದೆ. ತಿಳಿಯಾಗಿತ್ತು. ಡಬ್ಬಿಯ ಅಂಚಿನಲ್ಲಿ ಬಿಳಿಯ ಗೀರು ಕಂಡಿತು.

"ಡಬ್ಬಿ ಸರಿಯಾಗಿ ತೊಳೆಯುವುದಿಲ್ವಾ ಬಾಯಮ್ಮ?"

"ದಿನಾ ಎರಡು ಸಲ ತೊಳೆಯುತ್ತೇನೆ. ಬೂದಿ ಹಾಕಿ ಉಜ್ಜುತ್ತೇನೆ."

ನನಗೆ ನಂಬಿಕೆ ಬರಲಿಲ್ಲ. ಕೈಗುಣವನ್ನು ನಂಬುವವರು ಡಬ್ಬಿ ತೊಳೆಯುವುದರಲ್ಲಿ ಅಷ್ಟಕ್ಕಷ್ಟೇ ಇರಬಹುದು ಎಂದುಕೊಂಡೆ. ಅವರು ನನ್ನೆದುರೇ ಬಾವಿಕಟ್ಟೆಗೆ ಹೋಗಿ ಡಬ್ಬಿಗಳನ್ನು ಮತ್ತೆ ಉಜ್ಜಿ ತೊಳೆದು ತಂದರು. ನಾನು ಅಲ್ಲಿಯೇ ನಿಂತು ನೋಡಿ 'ನೀರು' ಎಂಬ ಸಾಲಿನ ಮುಂದೆ ಸರಿ ಗುರುತು ಹಾಕಿದೆ.

ಸತ್ತ ಎರಡು ಮರಿಗಳನ್ನು ಉಡುಪಿಗೆ ಒಯ್ದೆ. ನನಗೆ ಪರಿಚಯದ ಪಶುವೈದ್ಯರೊಬ್ಬರಿದ್ದಾರೆ, ವಿಜಯಪುರದ ಕಡೆಯವರು, ಇಲ್ಲಿಗೆ ಬಂದು ಮೂರು ವರ್ಷವಾದರೂ ಮೀನಿನ ವಾಸನೆಗೆ ಮೂಗು ಮುಚ್ಚುತ್ತಾರೆ. ಅವರು ಮರಿಯ ಹೊಟ್ಟೆಯನ್ನು ಕೊಯ್ದು ತೋರಿಸಿದರು. ಒಳಗೆ ತಿಳಿ ನೀರು ತುಂಬಿತ್ತು. ಮೂತ್ರಪಿಂಡ ಬಾತುಕೊಂಡಿತ್ತು.

"ನೀರ ಹ್ಯಾಂಗ ಅದ ಅಲ್ಲಿ?" ಎಂದು ಕೇಳಿದರು.

"ಒಳ್ಳೆದುಂಟು ಸರ್."

"ನೋಡೀರೇನ್ರಿ ನೀವು? ನಮ್ಮ ಕಡೆ ಬೋರಿನಾಗ ಸವಳ ನೀರ ಬರ್ತದ. ಅದಕ್ಕ ಕೇಳಿದೆ."

"ನಾನೇ ಕುಡಿಯುತ್ತೇನೆ ಸರ್, ಅವರ ಮನೆಗೆ ಹೋದಾಗಲೆಲ್ಲ."

ಹೇಳುವಾಗ ನನ್ನ ದನಿಯಲ್ಲಿ ಒಂದು ಸಣ್ಣ ನಗು ಇದ್ದದ್ದು ನೆನಪಿದೆ. ಬಾವಿ ಇಲ್ಲದ ಸೀಮೆಯವರು ನಮ್ಮೂರಿನ ನೀರಿನ ಮೇಲೆ ಸಂಶಯ ಪಡುವುದಾ ಎಂದು. ಅವರು ಮತ್ತೆ ಒತ್ತಾಯಿಸಲಿಲ್ಲ. ಹೊಟ್ಟೆಯಲ್ಲಿ ನೀರು ತುಂಬಲು ಬೇರೆ ಕಾರಣಗಳೂ ಇರುತ್ತವೆ, ಇದು ಅಂಟುರೋಗದ ಹಾಗೆ ಕಾಣುವುದಿಲ್ಲ, ಸುಮ್ಮನೆ ಆಂಟಿಬಯೋಟಿಕ್ ಹಾಕಬೇಡಿ ಎಂದರು. ಆ ಮಾತನ್ನು ಪಾಲಿಸಿದೆ. ಆದರೆ ಮರಿಗಳು ನೀರಾಗಿ ಹಿಕ್ಕೆ ಹಾಕುತ್ತಿರುವಾಗ ಏನೂ ಕೊಡದೆ ಇರುವುದು ಹೇಗೆ? ಭೇದಿಯಾದ ಮಕ್ಕಳಿಗೆ ಕೊಡುವಂಥದ್ದೇ ಲವಣದ ಪುಡಿ ಕೋಳಿಗಳಿಗೂ ಬರುತ್ತದೆ. ಅದನ್ನು ನೀರಿಗೆ ಕಲಸಿ ಕೊಡಿ ಎಂದು ಬಾಯಮ್ಮನಿಗೆ ಎರಡು ಪ್ಯಾಕೆಟ್ ಕೊಟ್ಟೆ. ಅವರು ಟೀ ಚಮಚದಲ್ಲಿ ಅಳೆದು, ನಾನು ಹೇಳಿದ ಸಮಯಕ್ಕೆ ಸರಿಯಾಗಿ ಕಲಸಿದರು.

ಏಳನೆಯ ದಿನ ಕೊಕ್ಕರೆ ರೋಗದ ಲಸಿಕೆ ಹಾಕಲು ಹೋದಾಗ ಇನ್ನೂ ಒಂಬತ್ತು ಸತ್ತಿದ್ದವು. ಒಂದೊಂದೇ ಮರಿಯನ್ನು ಎತ್ತಿ ಕಣ್ಣಿಗೆ ಒಂದು ಹನಿ ಬಿಡುವುದು, ಅದು ರೆಪ್ಪೆ ಬಡಿದು ಹನಿಯನ್ನು ಒಳಗೆ ತೆಗೆದುಕೊಳ್ಳುವವರೆಗೆ ಕಾಯುವುದು. ಬಾಯಮ್ಮ ಮರಿ ಎತ್ತಿ ಕೊಡುತ್ತಿದ್ದರು. ಅವರು ಹಿಡಿಯುವ ರೀತಿ ನೋಡಿದೆ. ಬೆರಳುಗಳಿಂದ ಒತ್ತದೆ, ಅಂಗೈಯಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಬೆನ್ನನ್ನು ತಡೆದು ಹಿಡಿಯುತ್ತಿದ್ದರು. ಇಷ್ಟು ಚೆನ್ನಾಗಿ ಮರಿ ಹಿಡಿಯುವ ಕೈಯನ್ನು ನಾನು ಕಡಿಮೆ ನೋಡಿದ್ದೇನೆ. ಹಾಗಾದರೆ ಎಂತ ಆಗುತ್ತಿದೆ ಇಲ್ಲಿ? ಅಲೆವೂರಿನಲ್ಲಿ ನೂರರಲ್ಲಿ ಎರಡು ಮಾತ್ರ ಹೋಗಿದ್ದವು. ಉಳಿದವು ತಗಡಿನ ಬಳೆಯನ್ನು ಹಾರಿ ಹೊರಗೆ ಬರಲು ನೋಡುತ್ತಿದ್ದವು. ಒಂದೇ ದಿನದ ಮರಿ, ಒಂದೇ ಚೀಲದ ಆಹಾರ, ಒಂದೇ ಮಿಲ್ಲಿನ ಉಮಿ. ಬೇಸರಕ್ಕಿಂತ ಹೆಚ್ಚಾಗಿ ನನಗೆ ಒಂದು ಬಗೆಯ ಹಟ ಬಂತು. ಇದನ್ನು ಕಂಡುಹಿಡಿಯದೆ ಬಿಡುವುದಿಲ್ಲ ಎಂದು ಸ್ಕೂಟರ್ ಓಡಿಸುವಾಗಲೂ ಅದನ್ನೇ ಯೋಚಿಸತೊಡಗಿದೆ.

ಕೊನೆಗೆ ತೀರಾ ಸೋತ ಐದು ಮರಿಗಳನ್ನು ಆರಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಬಟ್ಟೆ ಹಾಸಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು ಅಲೆವೂರಿಗೆ ತಂದೆ. ಬೇರೆ ಕೋಣೆಯಲ್ಲಿ ಒಂದು ಬಲ್ಬಿನ ಕೆಳಗೆ ಇಟ್ಟೆ. ಹಿಂಬದಿಗೆ ಹಿಕ್ಕೆ ಮೆತ್ತಿಕೊಂಡಿದ್ದ ಎರಡನ್ನು ಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಒರೆಸಿ, ತೆಂಗಿನೆಣ್ಣೆ ಸವರಿದೆ. ನಮ್ಮ ಬಾವಿಯ ನೀರನ್ನು ಡ್ರಾಪರಿನಲ್ಲಿ ಕೊಕ್ಕಿನ ಬದಿಗೆ ಹನಿಹನಿಯಾಗಿ ಬಿಟ್ಟೆ. ಔಷಧಿ ಯಾವುದೂ ಕೊಡಲಿಲ್ಲ. ಸತ್ಯ ಹೇಳಬೇಕೆಂದರೆ ಅವು ಬದುಕುತ್ತವೆ ಎಂದು ನನಗೆ ಅನ್ನಿಸಿರಲಿಲ್ಲ.

ಮರುದಿನ ಐದೂ ನಿಂತಿದ್ದವು. ಮೂರನೆಯ ದಿನ ಕೈಯಿಂದ ಕಾಳು ಕುಕ್ಕಿದವು.

ಈಗ ನನ್ನ ಕುತೂಹಲಕ್ಕೆ ಲಂಗುಲಗಾಮು ಇಲ್ಲದಂತಾಯಿತು. ಬಾಯಮ್ಮನ ಹಟ್ಟಿಯಲ್ಲಿದ್ದದ್ದನ್ನು ಒಂದೊಂದಾಗಿ ತಂದು ಈ ಐದಕ್ಕೆ ಕೊಟ್ಟು ನೋಡುವುದು ಎಂದು ನಿಶ್ಚಯಿಸಿದೆ. ಯಾವುದು ಬಂದಾಗ ಇವು ಮತ್ತೆ ಸೋಲುತ್ತವೋ ಅದೇ ಕಳ್ಳ. ಮೊದಲು ಅಲ್ಲಿನ ಚೀಲದಿಂದಲೇ ಆಹಾರ ತಂದೆ. ತಿಂದು ಗಟ್ಟಿಯಾದವು. ಅಲ್ಲಿನ ಉಮಿ ತಂದು ಹಾಸಿದೆ. ಅದರಲ್ಲಿ ಕೆದಕಿ ಆಡಿದವು. ನಗಬೇಡಿ, ಬಲ್ಬನ್ನೂ ಬಿಚ್ಚಿ ತಂದು ಹಾಕಿದೆ. ಕೊನೆಗೆ ಒಂದು ದೊಡ್ಡ ಬಾಟಲಿ ಕೊಟ್ಟು, "ಮರಿಗಳಿಗೆ ಇದರಲ್ಲಿ ಸ್ವಲ್ಪ ನಿಮ್ಮ ನೀರು ಬೇಕಿತ್ತು, ಮನೆಗೆ ಒಯ್ಯಲಿಕ್ಕೆ," ಎಂದೆ. ಬಾಯಮ್ಮ ಬಾಟಲಿಯನ್ನು ಒಳಗೆ ಒಯ್ದು, ತುಂಬಿಸಿ, ಹೊರಗೆ ಒರೆಸಿ ತಂದುಕೊಟ್ಟರು. ಎರಡು ದಿನ ಅದನ್ನೇ ಕುಡಿಸಿದೆ. ಐದೂ ಗುಂಡುಕಲ್ಲಿನ ಹಾಗಿದ್ದವು.

ಪಟ್ಟಿ ಮುಗಿಯಿತು. ಎಲ್ಲ ಸಾಲಿನ ಮುಂದೆಯೂ ಸರಿ ಗುರುತು.

ಇನ್ನೂ ಒಂದು ಪ್ರಯತ್ನ ಎಂದು ಐದರಲ್ಲಿ ಎರಡರ ಕಾಲಿಗೆ ಕೆಂಪು ನೂಲು ಕಟ್ಟಿ ಕಾಪುವಿಗೆ ಹಿಂದಕ್ಕೆ ಒಯ್ದು ಬಿಟ್ಟೆ. ಎರಡನೆಯ ದಿನ ಎರಡೂ ನೀರಿನ ಡಬ್ಬಿಯ ಹತ್ತಿರ ರೆಕ್ಕೆ ಇಳಿಬಿಟ್ಟು ನಿಂತಿದ್ದವು. ಬಾಯಮ್ಮ ಅವುಗಳನ್ನು ಎತ್ತಿ ನನಗೆ ತೋರಿಸಿದರು. "ನೋಡಿ ಅಕ್ಕ. ನಿಮ್ಮಲ್ಲಿ ಓಡಾಡಿಕೊಂಡಿದ್ದವು. ನನ್ನ ಹತ್ತಿರ ಬಂದ ಕೂಡಲೇ ಹೀಗೆ."

ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಪಟ್ಟಿಯಲ್ಲಿ ಇಲ್ಲದೆ ಉಳಿದದ್ದು ಒಂದೇ, ಆ ಕೈ. ಊರಿಗೆಲ್ಲ ಬುದ್ಧಿ ಹೇಳುವ ನಾನು, ಇದ್ದರೂ ಇರಬಹುದೇನೋ ಎಂದು ಅರೆಗಳಿಗೆ ಯೋಚಿಸಿದೆ. ಅವರಿಗೆ ಅದು ಗೊತ್ತಾಯಿತೆಂದು ಕಾಣುತ್ತದೆ. ಮರಿಗಳನ್ನು ಕೆಳಗಿಟ್ಟು, "ಎಲ್ಲ ನೀವೇ ಕೊಂಡುಹೋಗಿ. ನಿಮ್ಮಲ್ಲಾದರೂ ಬದುಕಲಿ. ಇನ್ನು ನಾನು ಮರಿಗಳನ್ನು ಮುಟ್ಟುವುದಿಲ್ಲ," ಎಂದರು. ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು. ಮರಿಗಳನ್ನು ಅಲೆವೂರಿಗೆ ಸಾಗಿಸಿದರೆ ಬದುಕುತ್ತವೆ ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಅವರ ಕೈಯ ಮೇಲಿನ ಅಪವಾದಕ್ಕೆ ನಾನೇ ಮೊಹರು ಒತ್ತಿದ ಹಾಗಾಗುತ್ತಿತ್ತು. ಬೇರೆ ದಾರಿ ಕಾಣದೆ ಒಪ್ಪಿಕೊಂಡೆ.

ಮರುದಿನ ಹದಿನೆಂಟನೆಯ ದಿನ. ಇಪ್ಪತ್ತಮೂರು ಮರಿ ಸತ್ತಾಗಿತ್ತು. ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಕೊಂಡು ಮಧ್ಯಾಹ್ನ ಕಾಪು ತಲುಪಿದೆ. ಉರಿಬಿಸಿಲು. ಆಟೋದವರು ಮಾವಿನ ಮರದ ನೆರಳಿನಲ್ಲಿ ನಿಲ್ಲಿಸಿ ಬೀಸಣಿಗೆಯ ಹಾಗೆ ಪೇಪರು ಆಡಿಸಿಕೊಳ್ಳುತ್ತಾ ಕೂತರು. ನಾನು ಜಗಲಿಗೆ ಬಂದು ಕೂತೆ. ಆ ಮನೆಗೆ ಹೋದಾಗಲೆಲ್ಲ ಮೊದಲು ಬರುವುದು ಬೆಲ್ಲದ ತುಂಡು, ಲೋಟದ ತುಂಬ ನೀರು. ಅದು ಈ ಕಡೆಯ ಕ್ರಮ. ಕುಡಿದ ಮೇಲೆಯೇ ಮಾತು. ಅಂದು ಬಾಯಮ್ಮ ಎರಡು ಎಳನೀರು ಕೆತ್ತಿ ತಂದರು, ನನಗೊಂದು, ಆಟೋದವರಿಗೊಂದು.

"ಬೇಸರ ಮಾಡಬೇಡಿ ಅಕ್ಕ," ಎಂದರು. "ನಿನ್ನೆಯಿಂದ ನಳ್ಳಿ ನೀರು ಬರಲಿಲ್ಲ. ಪೈಪು ಒಡೆದದ್ದಂತೆ. ನಿಮಗೆ ಕೊಡಲಿಕ್ಕೆ ಒಂದು ಲೋಟ ನೀರಿಲ್ಲ."

ನಾನು ಎಳನೀರು ಕುಡಿಯುತ್ತಾ ಅಂಗಳದ ಕಡೆ ನೋಡಿದೆ. ಬಾವಿಕಟ್ಟೆ ಒದ್ದೆಯಾಗಿತ್ತು. ಈಗಷ್ಟೇ ತೊಳೆದ ಮರಿಗಳ ಡಬ್ಬಿಗಳು ತುಂಬಿ ಸಾಲಾಗಿ ಕೂತಿದ್ದವು.

"ನೀರಿಲ್ಲ ಅಂದರೆ? ಬಾವಿ ಉಂಟಲ್ಲ ಬಾಯಮ್ಮ."

"ಉಂಟು. ಅದು ಕುಡಿಯುವ ನೀರಲ್ಲ ಅಲ್ವಾ? ಬೇಸಿಗೆಯಲ್ಲಿ ಹೊಳೆಗೆ ಕಡಲಿನ ನೀರು ಬರುತ್ತದೆ. ಆಮೇಲೆ ನಮ್ಮ ಬಾವಿ ಸ್ವಲ್ಪ ಸ್ವಲ್ಪ ಉಪ್ಪಾಗುವುದು. ಮಳೆ ಬಂದ ಮೇಲೆ ನಾವೂ ಅದನ್ನೇ ಕುಡಿಯುವುದು. ಈಗ ತೊಳೆಯಲಿಕ್ಕೆ, ಮೀಯಲಿಕ್ಕೆ ಮಾತ್ರ."

ಎಳನೀರನ್ನು ಜಗಲಿಯ ಮೇಲಿಟ್ಟು ಎದ್ದೆ. ಬಾವಿಕಟ್ಟೆಗೆ ಹೋಗಿ ಒಂದು ಡಬ್ಬಿಯನ್ನು ಎತ್ತಿ ಬಾಯಿಗೆ ಸುರಿದುಕೊಂಡೆ. ಅದರಲ್ಲಿ ಆಗಲೇ ನನ್ನ ಪುಡಿಯೂ ಬಿದ್ದಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಹೇಗೋ ಹಾಗಿತ್ತು. ಉಗುಳಿ, ಕೊಡಪಾನದಿಂದ ಬರೀ ಬಾವಿಯ ನೀರನ್ನು ಬಾಯಿಗೆ ಹಾಕಿದೆ. ಅದೂ ಉಪ್ಪು.

"ಮತ್ತೆ ನಾನು ಬಾಟಲಿಯಲ್ಲಿ ಕೊಂಡುಹೋದದ್ದು?" ಎಂದು ಕೇಳಿದೆ.

"ಅದು ಒಳಗಿನ ಕೊಡದ್ದು. ನಳ್ಳಿದು."

"ಮರಿಗಳ ನೀರು ಬೇಕು ಅಂದಿದ್ದೆ ನಾನು."

ಬಾಯಮ್ಮ ನನ್ನನ್ನು ನೋಡಿದ ನೋಟದಲ್ಲಿ ನಿಜವಾದ ಆಶ್ಚರ್ಯವಿತ್ತು. "ನೀವು ಮನೆಗೆ ಒಯ್ಯಲಿಕ್ಕೆ ಕೇಳಿದ್ದಲ್ವಾ? ಮನೆಗೆ ಬಂದವರ ಕೈಗೆ ಬಾಟಲಿಯಲ್ಲಿ ಬಾವಿ ನೀರು ತುಂಬಿಸಿ ಕೊಡುವುದಾ? ಎಂತ ಹೇಳುವುದು ನೀವು."

ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಮೊದಲೆರಡು ದಿನ ಬೆಲ್ಲದ ನೀರು ಮಾಡಿದ್ದು ಅಡುಗೆ ಮನೆಯ ಕೊಡದಿಂದ, ಹಾಗಾಗಿ ಮರಿಗಳು ಚುರುಕಾಗಿದ್ದವು. ಡಬ್ಬಿಯ ಅಂಚಿನ ಬಿಳಿ ಗೀರು ಒಣಗಿದ ಉಪ್ಪು. ಆಟಿಯ ಮಳೆಯಲ್ಲಿ ಮಾತ್ರ ಬದುಕುವ ಮರಿಗಳು. ಅವರು ಮೊದಲ ದಿನವೇ ಅದನ್ನು ನನಗೆ ಹೇಳಿದ್ದರು, ಕೇಳಿಸಿಕೊಂಡು ಬಿಟ್ಟಿದ್ದೆ. ದೊಡ್ಡ ಕೋಳಿಗಳು ಅಷ್ಟು ಉಪ್ಪನ್ನು ತಾಳಿಕೊಳ್ಳುತ್ತವೆ, ವಾರದ ಮರಿಗಳಿಗೆ ಆಗುವುದಿಲ್ಲ. ಬಾಯಾರಿ ಕುಡಿಯುತ್ತವೆ, ಕುಡಿದಷ್ಟೂ ಬಾಯಾರುತ್ತದೆ. ಅಂಥವಕ್ಕೆ ನಾನು ಹುಡುಕಿ ಹುಡುಕಿ ಲವಣದ ಪುಡಿ ಕೊಟ್ಟಿದ್ದೆ. ಡಾಕ್ಟರು ಕೇಳಿದ ಒಂದೇ ಪ್ರಶ್ನೆಗೆ, ಸಮುದ್ರದ ಪಕ್ಕದ ಊರಿನವಳು ನಾನು, ನಕ್ಕಿದ್ದೆ.

ಬಾಯಮ್ಮ ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು. "ಹಾಗಾದರೆ ಕೈಗುಣ ಅಲ್ವಾ?"

"ಅಲ್ಲ."

ನಾನು ಸಮಾಧಾನದ ನಿಟ್ಟುಸಿರು ನಿರೀಕ್ಷಿಸಿದ್ದೆ. "ಆದರೂ ಕುಡಿಸಿದ್ದು ನಾನೇ ಅಲ್ವಾ," ಎಂದರು. "ಇದೇ ಕೈಯಿಂದ. ಹೋದ ವರ್ಷ ಹನ್ನೊಂದು. ಅದರ ಹಿಂದಿನ ವರ್ಷವೂ."

"ಪುಡಿ ಕೊಟ್ಟದ್ದು ನನ್ನ ಕೈ ಬಾಯಮ್ಮ. ನಿಮಗೆ ಗೊತ್ತಿರಲಿಲ್ಲ. ನಾನು ಗೊತ್ತುಂಟು ಅಂತ ಹೇಳಿಕೊಂಡು ತಿರುಗುವವಳು."

ಆಟೋದವರು ಖಾಲಿ ಪೆಟ್ಟಿಗೆಗಳನ್ನು ಇಳಿಸಿ ನಿಂತಿದ್ದರು. ಮರಿಗಳನ್ನು ತುಂಬಿಸಿ ಹೊರಡುವುದು ಸುಲಭವಿತ್ತು. ಅಲೆವೂರಿನಲ್ಲಿ ನೀರಿತ್ತು, ಜಾಗವಿತ್ತು. ಆದರೆ ಹಾಗೆ ಒಯ್ದರೆ ಇವು ಬದುಕಿದ್ದು ನನ್ನ ಕೈಯಲ್ಲಿ ಎಂದಾಗುತ್ತಿತ್ತು. ಪಕ್ಕದ ಮನೆಯವರು ಆಗಲೇ ಬೇಲಿಯ ಹತ್ತಿರ ನಿಂತು ನೋಡುತ್ತಿದ್ದರು. ಈ ಬಿಸಿಲಿನಲ್ಲಿ ಸೋತ ಮರಿಗಳನ್ನು ಆಟೋದಲ್ಲಿ ಕುಲುಕಿಸುವುದಕ್ಕೂ ನನಗೆ ಮನಸ್ಸಿರಲಿಲ್ಲ. ಆಟೋದವರ ಮನೆ ಹೆದ್ದಾರಿಯ ಆಚೆ ಬದಿಗೆ, ಸ್ವಲ್ಪ ಎತ್ತರದಲ್ಲಿ.

"ನಿಮ್ಮ ಬಾವಿ ನೀರು ಹೇಗುಂಟು?" ಎಂದು ಕೇಳಿದೆ.

"ಈ ಎಳನೀರಿನ ಹಾಗೆ ಉಂಟು. ಯಾಕೆ?"

"ಮರಿಗಳು ಬೇಡ. ನಾಲ್ಕು ಕ್ಯಾನ್ ನೀರು ತನ್ನಿ."

"ಮರಿ ಕೊಂಡುಹೋಗುವುದಾ, ನೀರು ತರುವುದಾ? ಒಂದು ಹೇಳಿ ಮಾರಾಯ್ರೆ," ಎಂದು ಗೊಣಗುತ್ತಲೇ ಹೋದರು. ಅರ್ಧ ಗಂಟೆಯೊಳಗೆ ತಂದರು. ನಾನು ಮೊದಲು ರುಚಿ ನೋಡಿದೆ.

ಅಷ್ಟರಲ್ಲಿ ಪಶುವೈದ್ಯರಿಗೆ ಫೋನು ಮಾಡಿ ಎಲ್ಲ ಹೇಳಿದ್ದೆ, ನಕ್ಕದ್ದನ್ನೂ ಸೇರಿಸಿ. ಅವರು ನಗಲಿಲ್ಲ. "ಒಮ್ಮೆಲೆ ಕುಡಿಸಬ್ಯಾಡ್ರಿ," ಎಂದರು. "ಉಪ್ಪು ಏರಿದ ಮರಿ ಹೊಟ್ಟಿ ತುಂಬ ಸಿಹಿ ನೀರ ಕುಡೀತಂದ್ರ ಮೆದುಳು ಬಾತು ಸಾಯ್ತದ. ತಾಸಿಗೆ ಹತ್ತು ನಿಮಿಷ ನೀರ ಇಡ್ರಿ, ಮತ್ತ ತೆಗೀರಿ. ನಾಳಿ ತನಕ ಹಿಂಗ."

ನಾನು ಅಂದುಕೊಂಡದ್ದಕ್ಕಿಂತ ಇದು ಕಷ್ಟದ್ದಾಗಿತ್ತು. ಬಾಯಾರಿದ ಎಪ್ಪತ್ತಕ್ಕೂ ಹೆಚ್ಚು ಮರಿಗಳ ಎದುರಿನಿಂದ ನೀರನ್ನು ಎತ್ತುವುದು. ಅವು ಡಬ್ಬಿಯ ಹಿಂದೆಯೇ ಓಡಿಬಂದು ತಗಡಿಗೆ ಡಿಕ್ಕಿ ಹೊಡೆದು ಕಿರುಚುತ್ತಿದ್ದವು. ಬಾಯಮ್ಮ ಮೊಬೈಲಿನಲ್ಲಿ ಅಲಾರಾಂ ಇಟ್ಟುಕೊಂಡು ಹೊಲಿಗೆ ಯಂತ್ರವನ್ನೇ ಹಟ್ಟಿಯ ಬಾಗಿಲಿಗೆ ಎಳೆಸಿಕೊಂಡರು. ಅಲಾರಾಂ ಆದಾಗ ನೀರು ಇಡುವುದು, ಹತ್ತು ನಿಮಿಷಕ್ಕೆ ತೆಗೆಯುವುದು, ನಡುವೆ ಯೂನಿಫಾರ್ಮಿನ ಗುಂಡಿ ಹಾಕುವುದು. ನಾವು ಒದ್ದೆ ಉಮಿಯನ್ನೆಲ್ಲ ಬಾಚಿ ಹೊಸತು ಹಾಸಿದೆವು. ಆಹಾರದಲ್ಲಿಯೂ ಸ್ವಲ್ಪ ಉಪ್ಪಿರುವುದರಿಂದ ಎರಡು ದಿನ ಅದಕ್ಕೆ ಅರ್ಧದಷ್ಟು ಅಕ್ಕಿ ನುಚ್ಚು ಬೆರೆಸಿದೆವು. ತೀರಾ ಸೋತ ಹನ್ನೆರಡನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಅವಕ್ಕೆ ಡ್ರಾಪರಿನಲ್ಲಿ ಸರದಿಗೆ ನಾಲ್ಕು ಹನಿ. ಡ್ರಾಪರನ್ನು ನಾನು ಕೈಗೆತ್ತಿಕೊಂಡಾಗ ಬಾಯಮ್ಮ ಅದನ್ನು ತೆಗೆದುಕೊಂಡರು.

"ನಾನು ಕುಡಿಸುತ್ತೇನೆ," ಎಂದರು. "ನೀವು ಪುಸ್ತಕದಲ್ಲಿ ಬರೆಯಿರಿ."

ಆ ಹನ್ನೆರಡರಲ್ಲಿ ಐದು ಉಳಿಯಲಿಲ್ಲ. ಅವುಗಳ ಹೊಟ್ಟೆಯಲ್ಲಿ ಆಗಲೇ ನೀರು ತುಂಬಿತ್ತು. ಉಳಿದವು ಎದ್ದವು. ಕೆಂಪು ನೂಲಿನ ಎರಡೂ ಎದ್ದವು. ನೀರು ಬದಲಿಸಿದ ನಾಲ್ಕನೆಯ ದಿನಕ್ಕೆ ಉಮಿ ಮುಷ್ಟಿಯಲ್ಲಿ ಹಿಡಿದರೆ ಉದುರುತ್ತಿತ್ತು. ಮರಿಗಳು ಡಬ್ಬಿಯನ್ನು ಬಿಟ್ಟು ಇಡೀ ಹಟ್ಟಿಗೆ ಹರಡಿದ್ದವು. ಅಲೆವೂರಿನಲ್ಲಿ ಉಳಿದಿದ್ದ ಮೂರನ್ನೂ ತಂದು ಬಿಟ್ಟೆ. ಎಪ್ಪತ್ತೆರಡು. ನಾನು ಮಾತು ಕೊಟ್ಟ ತೊಂಬತ್ತೈದಕ್ಕೂ ಇದಕ್ಕೂ ನಡುವಿನ ಮರಿಗಳು ಅವರ ತೋಟದ ಮೂಲೆಯಲ್ಲಿ ಒಂದೇ ಗುಂಡಿಯಲ್ಲಿವೆ. ಆ ಬದಿಗೆ ಹೋದಾಗ ಈಗಲೂ ಕಣ್ಣು ಅಲ್ಲಿಗೆ ಹೋಗುತ್ತದೆ.

ಹಂಚುವ ದಿನ ಒಬ್ಬೊಬ್ಬರಿಗೆ ಒಂಬತ್ತು ಎಂದು ನಿಶ್ಚಯವಾಯಿತು. ಬಾಯಮ್ಮ ಒಂದು ಷರತ್ತು ಹಾಕಿದರು. ಬರುವಾಗ ಪ್ರತಿಯೊಬ್ಬರೂ ತಮ್ಮ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತರಬೇಕು. ಏಳು ಜನ ಏಳು ಬಾಟಲಿ ತಂದು ಜಗಲಿಯಲ್ಲಿ ಸಾಲಾಗಿ ಇಟ್ಟರು. ಬಾಯಮ್ಮ ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದು, ಬಾಯಿಗೆ ಹಾಕಿ, ಕಣ್ಣು ಮುಚ್ಚಿ ನೋಡಿದರು. ಆರು ಒಪ್ಪಿಗೆಯಾದವು. ಆರು ಜನರಿಗೂ ಬುಟ್ಟಿಗೆ ಎಣಿಸಿ ಹಾಕಿಕೊಟ್ಟರು. ಏಳನೆಯದು ಪಕ್ಕದ ಮನೆಯವರ ಬಾಟಲಿ. ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು, ಲೋಟ ಕೆಳಗಿಟ್ಟರು.

"ಇದು ಬಾವಿದಲ್ಲ."

ಆ ಜೋರು ಬಾಯಿಯ ಹೆಂಗಸು ನೆಲ ನೋಡಿದರು. "ನಳ್ಳಿದು," ಎಂದರು. "ನೀವು ಕುಡಿದು ನೋಡುತ್ತೀರಂತ ಹೇಳಿದ್ದರು. ನಿಮಗೆ ಕುಡಿಯಲಿಕ್ಕೆ ಬಾವಿ ನೀರು ಹೇಗೆ ತರುವುದು ಬಾಯಮ್ಮ?"

ಬಾಯಮ್ಮ ನನ್ನ ಮುಖ ನೋಡಿದರು. ನಾನು ನಗು ತಡೆದುಕೊಳ್ಳಲು ಆಗದೆ ಅಂಗಳಕ್ಕೆ ಇಳಿದೆ. ಬಾಯಮ್ಮ ಅವರನ್ನು ಮನೆಗೆ ಓಡಿಸಿ ಬಾವಿಯ ನೀರನ್ನೇ ತರಿಸಿದರು. ಕುಡಿದು, ಬೇಲಿಯಾಚೆಗೆ ಉಗುಳಿದರು. ನಡುವೆ ಒಂದು ಬೇಲಿ ಮಾತ್ರ ಇರುವ ಎರಡು ಬಾವಿಗಳು. ಬೇರೆ ಇರಲು ಹೇಗೆ ಸಾಧ್ಯ?

"ಮಳೆ ಬರುವವರೆಗೆ ನಿಮಗೆ ಕೊಡುವುದಿಲ್ಲ," ಎಂದರು ಬಾಯಮ್ಮ.

ಪಕ್ಕದ ಮನೆಯವರು ತಮಗಾಗಿ ಬುಟ್ಟಿಯಲ್ಲಿ ಇಟ್ಟಿದ್ದ ಒಂಬತ್ತು ಮರಿಗಳನ್ನು ನೋಡಿದರು. ಅದರಲ್ಲಿ ಕೆಂಪು ನೂಲಿನದೂ ಒಂದಿತ್ತು. ಬುಟ್ಟಿಯನ್ನು ಎತ್ತಿ ಬಾಯಮ್ಮನ ಮುಂದೆ ಹಿಡಿದರು.

"ಕೊಡಬೇಡಿ. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಇರಲಿ."

ಬಾಯಮ್ಮ ಬುಟ್ಟಿಯೊಳಗೆ ಕೈ ಹಾಕಿ, ಒಂದೊಂದೇ ಮರಿಯನ್ನು ಅಂಗೈಯಲ್ಲಿ ಕೂರಿಸಿ, ಎಣಿಸುತ್ತಾ ಹಟ್ಟಿಯೊಳಗೆ ಬಿಟ್ಟರು.